ಕೋಲಾರ ಅಲ್ಲ, ಕೊಲಾರೆಸ್: ಮೂರ್ನಾಡಿನಿಂದ ಮರಳಿನ ದ್ರಾಕ್ಷಿ ತೋಟಕ್ಕೆ

"ಕೋಲಾರಕ್ಕೆ ಹೋಗೋಕೆ ವೀಸಾ ಯಾಕೆ ಸಾರ್?"

ಸ್ಟೇಟ್‌ಮೆಂಟಿಗೆ ಸೀಲ್ ಹಾಕಿಸಲು ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು. ನನ್ನ ಪತ್ರದಲ್ಲಿದ್ದ ಊರಿನ ಹೆಸರು ಓದಿದ್ದಳು. ಕೋಲಾರ ಅಲ್ಲಮ್ಮ, ಕೊಲಾರೆಸ್, ಪೋರ್ಚುಗಲ್‌ನಲ್ಲಿದೆ ಅಂದೆ. ಅಲ್ಲಿ ಏನಿದೆ ಅಂತ ಕೇಳಿದಳು. ಸಮುದ್ರದ ಪಕ್ಕ ದ್ರಾಕ್ಷಿ ತೋಟ ಇದೆ, ವೈನ್ ಕುಡಿಯೋಕೆ ಹೋಗ್ತಾ ಇದ್ದೀವಿ ಅಂತ ಹೇಳಲು ನಾಚಿಕೆಯಾಗಿ, ಸುಮ್ನೆ ನೋಡೋಕೆ ಅಂದೆ.

ನಾವು ಕೊಡಗಿನ ಮೂರ್ನಾಡಿನ ಹತ್ತಿರದವರು. ಆರು ಎಕರೆ ರೋಬಸ್ಟಾ ಕಾಫಿ, ಮರಗಳ ಮೇಲೆ ಮೆಣಸಿನ ಬಳ್ಳಿ, ಕೆಳಗೆ ಸ್ವಲ್ಪ ಗದ್ದೆ. ಹೆಂಡತಿ ಲೀಲಾ ಮದುವೆಯಾಗಿ ಬಂದಾಗಿನಿಂದ ಮನೆಯಲ್ಲೇ ವೈನ್ ಮಾಡುತ್ತಾಳೆ. ಮಾರುವುದಕ್ಕಲ್ಲ, ಹಬ್ಬಕ್ಕೆ, ನೆಂಟರಿಗೆ. ಶುಂಠಿ, ಪ್ಯಾಷನ್ ಫ್ರೂಟ್, ಗಾಂಧಾರಿ ಮೆಣಸು ಎಲ್ಲ ಆಗಿದೆ. ದ್ರಾಕ್ಷಿ ಮಾತ್ರ ಮೈಸೂರು ಮಾರುಕಟ್ಟೆಯಿಂದ ಬರಬೇಕು, ಅದೇ ಕಪ್ಪಗಿನ ಬೆಂಗಳೂರು ನೀಲಿ. ಮನೆ ಹಿಂದೆ ಎರಡು ಬಳ್ಳಿ ನೆಟ್ಟು ನೋಡಿದ್ದಳು. ನಮ್ಮ ಮಳೆಗೆ ಬೂಷ್ಟು ಹಿಡಿದು ಹೋಯಿತು. ಸಮುದ್ರದ ಮಂಜು, ಉಪ್ಪು ಗಾಳಿ ಇರುವ ಕಡೆ ಬರೀ ಮರಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ ಅಂತ ಮಗ ಒಂದು ದಿನ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಅಲ್ಲಿಂದ ಇವಳಿಗೆ ಹುಚ್ಚು ಹತ್ತಿತು. 2025ರ ಶುರುವಿನಲ್ಲಿ ಕಾಫಿಗೆ ಯಾವತ್ತೂ ಕಾಣದ ರೇಟು ಬಂತು. ಮದುವೆಯಾಗಿ 25 ವರ್ಷವೂ ಆಗಿತ್ತು. ಸರಿ, ಹೊರಟೇ ಬಿಡೋಣ ಅಂದೆ.

ಪೋರ್ಚುಗಲ್‌ಗೇ ಸೇರಿದ ಪಿಕೋ ಎಂಬ ದ್ವೀಪದಲ್ಲೂ ಇಂಥದ್ದೇ ತೋಟಗಳಿವೆ. ಕಪ್ಪು ಲಾವಾ ಕಲ್ಲಿನ ಗೋಡೆಗಳ ನಡುವೆ ಬಳ್ಳಿ. 2004ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಆದರೆ ಅಟ್ಲಾಂಟಿಕ್ ಮಧ್ಯದವರೆಗೆ ಇನ್ನೊಂದು ವಿಮಾನ ಹತ್ತಬೇಕು. ಕೊಲಾರೆಸ್ ಲಿಸ್ಬನ್‌ನಿಂದ ರೈಲು, ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ. ಅದಕ್ಕೇ ಅದು.

ಹೋಗುವ ಸಮಯದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಕಾಫಿಯವರಿಗೆ ಸೆಪ್ಟೆಂಬರ್ ಸರಿಯಾದ ತಿಂಗಳು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿದಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ. ಅಲ್ಲಿ ದ್ರಾಕ್ಷಿ ಕೊಯ್ಲು ಅದೇ ಹೊತ್ತಿಗೆ. ಚಳಿಗಾಲದಲ್ಲಿ ಹೋದರೆ ಒಣ ಕಡ್ಡಿ ನೋಡಿಕೊಂಡು ಬರಬೇಕು.

ಈಗ ಕಾಗದಪತ್ರದ ಕಥೆ. ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕಡೇ ಪಕ್ಷ 15 ದಿನ ಮುಂಚೆ ಹಾಕಿರಬೇಕು. ನಾನು ಮೇ ತಿಂಗಳಲ್ಲಿ ಶುರು ಮಾಡಿದೆ. ಎರಡು ವಾರದಲ್ಲಿ ಎಲ್ಲ ಜೋಡಿಸುತ್ತೇನೆ ಅಂದುಕೊಂಡಿದ್ದೆ. ಎರಡು ತಿಂಗಳು ಹಿಡಿಯಿತು.

ಮೊದಲನೇ ಪೆಟ್ಟು ಆದಾಯದ್ದು. ಪಟ್ಟಿಯಲ್ಲಿ ಕೇಳುವುದು ಸಂಬಳದ ಚೀಟಿ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಇತ್ತೀಚಿನ ಬ್ಯಾಂಕ್ ಸ್ಟೇಟ್‌ಮೆಂಟ್. ನನಗೆ ಸಂಬಳ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆಯೂ ಇಲ್ಲ. ಕಾಫಿಯನ್ನು ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ತೆಗೆದು ಬೀಜ ಮಾಡಿ ಮಾರಿದರೆ ಆದಾಯದ ಶೇ 25 ಭಾಗ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ನಾವು ಹಣ್ಣನ್ನು ಕಣದಲ್ಲಿ ಒಣಗಿಸಿ, ಸಿಪ್ಪೆ ಸಮೇತ ಚೆರಿಯನ್ನೇ ಮೂಟೆ ಕಟ್ಟಿ ಕೊಡುವವರು. ಹಾಗಾಗಿ ನಾನು ರಿಟರ್ನ್ಸ್ ಹಾಕಿದವನೇ ಅಲ್ಲ. ಮಡಿಕೇರಿಯ ಲೆಕ್ಕಪರಿಶೋಧಕರೊಬ್ಬರು ಬೈದರು, ಪಾಪ. ತೆರಿಗೆ ಇಲ್ಲದಿದ್ದರೂ ಕೃಷಿ ಆದಾಯ ಅಂತ ತೋರಿಸಿ ರಿಟರ್ನ್ಸ್ ಹಾಕಿಡಬೇಕು ಮಾರಾಯ್ರೇ, ಇಂಥ ದಿನಕ್ಕೇ ಅದು ಬೇಕಾಗೋದು ಅಂದರು. ಆ ವರ್ಷದ್ದನ್ನು ಹಾಕಿಸಿದೆ. ಹಿಂದಿನದಕ್ಕೆ ಆದಾಯ ಕೃಷಿಯದ್ದೇ ಅಂತ ಅವರಿಂದ ಒಂದು ಪತ್ರ ಬರೆಸಿಕೊಂಡೆ. ಮುಂದೆಂದಾದರೂ ಹೊರದೇಶಕ್ಕೆ ಹೋಗುವ ಯೋಚನೆ ಇರುವ ತೋಟದವರು ಈ ವರ್ಷದಿಂದಲೇ ಹಾಕಿಡಿ. ಶೂನ್ಯ ತೆರಿಗೆ ಆದರೂ ಪರವಾಗಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟಿನದ್ದು ಇನ್ನೊಂದು ತಮಾಷೆ. ನಮಗೆ ದುಡ್ಡು ಬರುವುದು ಕಾಫಿ ಕೊಟ್ಟ ಮೇಲೆ, ಫೆಬ್ರವರಿ, ಮಾರ್ಚ್‌ನಲ್ಲಿ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳು ತೆಗೆದರೆ ಗೊಬ್ಬರ, ಕಸಿ, ಆಳುಗಳ ಕೂಲಿ, ಬರೀ ಹೋಗಿದ್ದೇ ಕಾಣುತ್ತದೆ. ನೋಡಿದವರಿಗೆ ದಿವಾಳಿ ಎದ್ದವನ ಖಾತೆ ಅನಿಸಬೇಕು. ಮಗ ಎರಡು ಲಕ್ಷ ಹಾಕ್ತೀನಿ ಅಂದ. ಹಾಗೆ ಮಾಡಬೇಡಿ ಅಂತ ಹಿಂದೆ ಹೋಗಿ ಬಂದಿದ್ದ ಪಕ್ಕದ ತೋಟದವರು ತಡೆದರು. ಅರ್ಜಿಗೆ ಮುಂಚೆ ದೊಡ್ಡ ಮೊತ್ತ ಒಮ್ಮೆಲೇ ಬಂದು ಕೂತರೆ ಅನುಮಾನ ಬರುತ್ತದಂತೆ. ಕೊನೆಗೆ ಇಡೀ 12 ತಿಂಗಳ ಸ್ಟೇಟ್‌ಮೆಂಟ್ ತೆಗೆಸಿದೆ. ಕಾಫಿ ವ್ಯಾಪಾರಿಯ ಬಿಲ್ಲುಗಳನ್ನು ಅದಕ್ಕೆ ತಾಳೆ ಹಾಕಿ, ನಮ್ಮ ಕಡೆ ಕಾಫಿ ಯಾವಾಗ ಕೊಯ್ಯುತ್ತಾರೆ, ಯಾವಾಗ ಮಾರುತ್ತಾರೆ ಅಂತ ಪತ್ರದಲ್ಲಿ ಅರ್ಧ ಪುಟ ಬರೆದೆ. ಬರೆಯುವಾಗ ಶಾಲೆಯ ಪ್ರಬಂಧ ಬರೆದ ಹಾಗಾಯಿತು.

ಎರಡನೆಯದು ಜಾಗದ ದಾಖಲೆ. ವಾಪಸ್ ಬರುತ್ತೇವೆ ಅನ್ನುವುದಕ್ಕೆ ಆಸ್ತಿಯೇ ಸಾಕ್ಷಿ ಅಲ್ವಾ? ಆದರೆ ನಮ್ಮದು ಜಮ್ಮಾ ಜಾಗ. ಕೊಡಗಿನವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದು ಅವರಿಗೇ ಗೊತ್ತು. ಬೇರೆಯವರಿಗೆ ಹೇಳುವುದಾದರೆ, ತಲೆಮಾರುಗಳಿಂದ ಮನೆತನಕ್ಕೆ ಸೇರಿ ಬಂದ ಜಾಗ ಅದು, ಆರ್‌ಟಿಸಿಯಲ್ಲಿ ಇವತ್ತಿಗೂ ಪಟ್ಟೆದಾರರಾಗಿ ಇರುವುದು ನನ್ನ ಅಜ್ಜನ ಹೆಸರು. ಅಜ್ಜ ತೀರಿಕೊಂಡಾಗ ನಾನು ಎರಡನೇ ಕ್ಲಾಸು. ಹಾಗಾಗಿ ನಾಡಕಚೇರಿಗೆ ಅಲೆದು ವಂಶವೃಕ್ಷ ಮಾಡಿಸಿದೆ. ಅಜ್ಜ, ಅಪ್ಪ, ನಾನು ಅಂತ ಗೆರೆ ಎಳೆದು ತೋರಿಸುವ ಕಾಗದ ಅದು. ಅದಕ್ಕೆ ನಾಲ್ಕು ಸಲ ಹೋದೆ. ಒಂದು ದಿನ ಕರೆಂಟ್ ಇಲ್ಲ, ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಸಹಿ ಹಾಕುವವರಿಲ್ಲ. ಕನ್ನಡದ ದಾಖಲೆಗಳಿಗೆಲ್ಲ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿದ್ದಾಯಿತು. ಗದ್ದೆಗೆ ಸೇರಿಕೊಂಡ ಗುಡ್ಡದ ಜಾಗಕ್ಕೆ ನಾವು ಹೇಳುವ 'ಬಾಣೆ' ಅನ್ನುವುದನ್ನು ಅನುವಾದಕ ಹುಡುಗ 'ಬಾಣ' ಅಂತ ಓದಿಕೊಂಡಿದ್ದ. ಅನುವಾದ ಆದ ಮೇಲೆ ಒಂದು ಸಲ ನೀವೇ ಓದಿ.

ಮೂರನೆಯದು ಹೆಸರು. ಊರಿನಲ್ಲಿ ಮನೆ ಹೆಸರು ಮೊದಲು, ನಮ್ಮ ಹೆಸರು ಆಮೇಲೆ. ಬ್ಯಾಂಕಿನಲ್ಲಿ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕೂತಿದೆ. ಲೀಲಾಳ ಪಾಸ್‌ಪೋರ್ಟಿನಲ್ಲಿ ಇನ್ನೂ ತವರುಮನೆ ಹೆಸರು. ನನ್ನ ಈ ಮೂರು ಹೆಸರಿನವನೂ ನಾನೇ ಅಂತ ಮಡಿಕೇರಿ ಕೋರ್ಟಿನ ಹತ್ತಿರ ಸ್ಟಾಂಪ್ ಪೇಪರಿನಲ್ಲಿ ಪ್ರಮಾಣಪತ್ರ ಮಾಡಿಸಿದೆ. ಅವಳ ಖರ್ಚು ನನ್ನದೇ ಆದ್ದರಿಂದ ನಾವು ಗಂಡ ಹೆಂಡತಿ ಅನ್ನುವುದಕ್ಕೂ ದಾಖಲೆ ಬೇಕು. ನಮ್ಮ ಮದುವೆ ರಿಜಿಸ್ಟರ್ ಆಗಿರಲಿಲ್ಲ. ಅಟ್ಟ ಹತ್ತಿ ಹಳೇ ಟ್ರಂಕಿನಿಂದ 2000ದ ಲಗ್ನಪತ್ರಿಕೆ ಹುಡುಕಿದೆವು. ಗೆದ್ದಲು ಮೂಲೆ ತಿಂದಿತ್ತು, ಪುಣ್ಯಕ್ಕೆ ದಿನಾಂಕ ಉಳಿದಿತ್ತು. ಸಾಕ್ಷಿಗಳನ್ನು ಜೀಪಿನಲ್ಲಿ ತುಂಬಿಕೊಂಡು ಉಪನೋಂದಣಿ ಕಚೇರಿಗೆ ಹೋದೆವು. ಸಾಕ್ಷಿಯಾಗಿ ಬಂದಿದ್ದ ಬಾವ, "ಈಗಲಾದರೂ ಯೋಚನೆ ಮಾಡಿ, ಇನ್ನೂ ಸಹಿ ಹಾಕಿಲ್ಲ" ಅಂತ ರೇಗಿಸಿದರು. ಮಧ್ಯಾಹ್ನ ಎಲ್ಲರಿಗೂ ಊಟ ಹಾಕಿಸಿದೆ. ಎರಡನೇ ಮದುವೆ ಊಟ.

ಉಳಿದದ್ದು ಸುಲಭ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಯುರೋಪಿನಿಂದ ಹೊರಡುವ ದಿನದ ನಂತರವೂ ಮೂರು ತಿಂಗಳು ಬಾಳಿಕೆ ಇರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋದ್ದು. ಫೋಟೋ 35 ಗುಣಿಸು 45 ಮಿಲಿಮೀಟರ್, ಹಿಂದೆ ಬಿಳಿ. ಹೋಟೆಲನ್ನು ರದ್ದು ಮಾಡಬಹುದಾದ ಷರತ್ತಿನಲ್ಲೇ ಬುಕ್ ಮಾಡಿ.

ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ನಮಗೆ ಸಿಕ್ಕ ದಿನ ಜುಲೈ ಮಧ್ಯದ್ದು, ಬೆಳಿಗ್ಗೆ ಹತ್ತೂವರೆಗೆ. ಕೊಡಗಿನಲ್ಲಿ ಜುಲೈ ಅಂದರೆ ಗೊತ್ತಲ್ಲ. ರೈಲು ಇಲ್ಲದ ಜಿಲ್ಲೆ ನಮ್ಮದು, ಇರುವುದು ರಸ್ತೆ ಒಂದೇ. ರಾತ್ರಿ ಬಸ್ಸು ಹತ್ತಿದೆವು. ಸುಂಟಿಕೊಪ್ಪದ ಹತ್ತಿರ ಮರ ಬಿದ್ದು ಎರಡು ಗಂಟೆ ನಿಂತಿತು. ಕತ್ತಲಲ್ಲಿ ಗರಗಸದ ಸದ್ದು ಕೇಳುತ್ತಾ, ಮಡಿಲಲ್ಲಿದ್ದ ಫೈಲಿಗೆ ಪ್ಲಾಸ್ಟಿಕ್ ಕವರ್ ಇನ್ನೊಂದು ಸುತ್ತು ಸುತ್ತುತ್ತಾ ಕೂತಿದ್ದೆ. ಕೇಂದ್ರದ ಬಾಗಿಲು ಮುಟ್ಟಿದಾಗ ಹತ್ತೂಕಾಲು. ಮಳೆಗಾಲದಲ್ಲಿ ದಿನ ಸಿಕ್ಕಿದರೆ ಒಂದು ದಿನ ಮುಂಚೆಯೇ ಬೆಂಗಳೂರು ಸೇರಿಕೊಳ್ಳಿ, ರೂಮಿನ ದುಡ್ಡು ದೊಡ್ಡದಲ್ಲ.

ಒಳಗೆ ಯಾರೂ ಯೋಚಿಸದ ಒಂದು ಅಡ್ಡಿ ಬಂತು. ನನ್ನ ಬೆರಳಚ್ಚು ಯಂತ್ರಕ್ಕೆ ಸಿಗಲಿಲ್ಲ. ಎಡಗೈ ಬಂತು, ಬಲಗೈ ಹೆಬ್ಬೆರಳು, ತೋರುಬೆರಳು ಬರಲಿಲ್ಲ. ಹಿಂದಿನ ವಾರವೆಲ್ಲ ಕತ್ತಿ ಹಿಡಿದು ತೋಟದ ಕಳೆ ಕಡಿದಿದ್ದೆ. ಬೆರಳ ತುದಿ ಸವೆದು ನುಣ್ಣಗಾಗಿ, ಗೆರೆಗಳ ಮೇಲೆ ಅಡ್ಡಾದಿಡ್ಡಿ ಬಿರುಕು. ಯಂತ್ರದ ಹತ್ತಿರ ಕೂತಿದ್ದ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿಸಿದ, ಒತ್ತಿಸಿದ, ಮತ್ತೆ ಒರೆಸಿಸಿದ. ಏಳನೇ ಸಲಕ್ಕೆ ಹಸಿರು ದೀಪ ಬಂತು. "ಏನು ಕೆಲಸ ಸಾರ್ ನಿಮ್ದು?" ಅಂದ. ಕಾಫಿ ಅಂದೆ. ನಗಲಿಲ್ಲ, ಕೈ ನೋಡಿ ತಲೆ ಆಡಿಸಿದ. ತೋಟದ ಕೆಲಸ ಮಾಡುವವರು ಒಂದು ವಾರ ಕತ್ತಿ, ಗುದ್ದಲಿ ಬಿಟ್ಟು, ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಿ. ಒಂದು ಸಲ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ನಡೆಯುತ್ತದಂತೆ, ಅದೊಂದು ಸಮಾಧಾನ.

ಶುಲ್ಕ ತಲೆಗೆ 90 ಯೂರೋ, ಆಗ ನಮ್ಮ ದುಡ್ಡಲ್ಲಿ ಒಂಬತ್ತು ಸಾವಿರದ ಆಸುಪಾಸು. ಕೇಂದ್ರದ ಸೇವಾಶುಲ್ಕ, ಕೊರಿಯರ್ ಬೇರೆ. ವೀಸಾ ಸಿಗದಿದ್ದರೆ ಯಾವುದೂ ವಾಪಸ್ ಬರುವುದಿಲ್ಲ.

ನಿಯಮದ ಪ್ರಕಾರ 15 ದಿನ, ಕೆಲವು ಸಲ 45 ದಿನದವರೆಗೂ ಆಗಬಹುದು. ನಮಗೆ 24 ದಿನ. ಆ 24 ದಿನ ಊರಿನಲ್ಲಿ ಒಂದೇ ಸಮನೆ ಮಳೆ, ಅರ್ಧ ದಿನ ಕರೆಂಟ್ ಇಲ್ಲ, ಮೊಬೈಲಿಗೆ ಸಿಗ್ನಲ್ ಬೇಕಾದರೆ ಗೇಟಿನ ಹತ್ತಿರದ ದಿಬ್ಬಕ್ಕೆ ಹೋಗಬೇಕು. ದಿನಾ ಸಂಜೆ ಕೊಡೆ ಹಿಡಿದು ಹೋಗಿ ನಿಲ್ಲುತ್ತಿದ್ದೆ. ಎದುರು ಮನೆಯವರು ಏನೋ ಪೂಜೆ ಅಂದುಕೊಂಡಿದ್ದರೋ ಏನೋ. ಕೊರಿಯರ್‌ನವನು ಎರಡು ಸಲ ಫೋನ್ ಮಾಡಿ, ಸಿಗದೆ, ಪೊಟ್ಟಣ ವಾಪಸ್ ಕಳಿಸಲು ಹೊರಟಿದ್ದ. ಮಡಿಕೇರಿಗೆ ಓಡಿ ಹಿಡಿದುಕೊಂಡೆ. ವಿಳಾಸಕ್ಕೆ ಪಟ್ಟಣದಲ್ಲಿರುವ ನೆಂಟರ ನಂಬರನ್ನೂ ಕೊಟ್ಟಿರಿ. ಪೊಟ್ಟಣವನ್ನು ಅಲ್ಲೇ ಜೀಪಿನಲ್ಲಿ ಒಡೆದೆ. ಮೊದಲು ಲೀಲಾಳದ್ದು ನೋಡಿದೆ. ಇಬ್ಬರಿಗೂ ಬಂದಿತ್ತು.

ಸೆಪ್ಟೆಂಬರ್ ಮೂರನೇ ವಾರ ಹೊರಟೆವು, ದುಬೈ ಮೂಲಕ ಲಿಸ್ಬನ್‌ಗೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಬಿಟ್ಟರು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲೂ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ. ಎಣ್ಣೆ ಹಚ್ಚುವುದನ್ನು ಮುಂದುವರಿಸಿ ಅಂತಷ್ಟೇ ಹೇಳಬಲ್ಲೆ.

ಲಿಸ್ಬನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದು ಮಾತು ಮಾತ್ರ. 1497ರಲ್ಲಿ ವಾಸ್ಕೋ ಡ ಗಾಮ ಹಡಗು ಹತ್ತಿದ್ದು ಈ ಊರಿನಿಂದ, ನಮ್ಮ ಬೆಟ್ಟದ ಕೆಳಗಿನ ಕರಾವಳಿಯ ಮೆಣಸಿಗಾಗಿ. ಲೀಲಾ ನದಿ ದಡದಲ್ಲಿ ನಿಂತು, ನಮ್ಮ ಮೆಣಸಿನ ಬಳ್ಳಿ ನೋಡಿದ್ದರೆ ಅಷ್ಟು ದೂರ ಬಂದಿದ್ದಕ್ಕೆ ಬೇಜಾರಾಗ್ತಿತ್ತು ಅವನಿಗೆ, ಈ ಸಲ ಎಷ್ಟು ಮೆಣಸಿನ ತೆನೆ ಉದುರಿದೆ ಅಂದಳು. ಕಾಫಿಗೆ ಅಲ್ಲಿಯವರು ಬೀಕಾ ಅನ್ನುತ್ತಾರೆ. ಪುಟ್ಟ ಲೋಟ, ದಪ್ಪ, ಕಹಿ. ರೋಬಸ್ಟಾ ಇದೆ ಅಂತ ಮೊದಲ ಗುಟುಕಿಗೇ ಗೊತ್ತಾಯಿತು. ಭಾಷೆ ಬರದಿದ್ದರೂ ಅಂಗಡಿಗಳಲ್ಲಿ ಕಷ್ಟವಾಗಲಿಲ್ಲ. ಬಟಾಟೆ, ಅನಾನಸು, ಚಾವಿ ಎಲ್ಲ ಅವರ ಬಾಯಿಂದ ನಮ್ಮ ಬಾಯಿಗೆ ಬಂದ ಮಾತುಗಳೇ ಅಲ್ವಾ.

ರೋಸಿಯೋ ನಿಲ್ದಾಣದಿಂದ ಸಿಂತ್ರಾಕ್ಕೆ ರೈಲು, ಸುಮಾರು ನಲವತ್ತು ನಿಮಿಷ. ಅಲ್ಲಿಂದ ಬಸ್ಸು. ಸಮುದ್ರದವರೆಗೆ 1904ರ ಕಾಲದ ಟ್ರಾಮ್ ದಾರಿಯೂ ಇದೆ, ನಾವು ಬಸ್ಸಿನಲ್ಲೇ ಹೋದೆವು. ಪ್ರಾಯಾ ದಾಸ್ ಮಸಾಸ್ ಎಂಬ ಕಡಲೂರಿನಲ್ಲಿ ರೂಮು. ಸೇಬಿನ ಕಡಲತೀರ ಅಂತ ಆ ಹೆಸರಿನ ಅರ್ಥ.

ಮಾರನೇ ದಿನ ಸ್ನಾನ ಮಾಡಿ, ಇವಳು ಒಳ್ಳೇ ಸೀರೆ ಉಟ್ಟು, ಬುಕ್ ಮಾಡಿದ್ದ ವೈನರಿಗೆ ಹೋದರೆ ಬಾಗಿಲಿಗೆ ಬೀಗ. ಕೊಯ್ಲು ಇರುವುದರಿಂದ ಆ ದಿನ ಆಗುವುದಿಲ್ಲ, ಬುಧವಾರ ಬನ್ನಿ ಅಂತ ಹತ್ತು ದಿನ ಮುಂಚೆಯೇ ಮೇಲ್ ಕಳಿಸಿದ್ದರು. ಪೋರ್ಚುಗೀಸ್‌ನಲ್ಲಿ ಇದ್ದ ಅದು ನನ್ನ ಮೊಬೈಲಿನ ಸ್ಪ್ಯಾಮಿನಲ್ಲಿ ಮಲಗಿತ್ತು. ತಪ್ಪು ನನ್ನದೇ. ಇಲ್ಲಿ ಸುಮ್ನೆ ಹೋಗಿ ಬಾಗಿಲು ತಟ್ಟಿದರೆ ರುಚಿ ತೋರಿಸುವವರು ಕಡಿಮೆ. ಮೊದಲೇ ಬರೆಯಬೇಕು, ಹಿಂದಿನ ದಿನ ಇನ್ನೊಮ್ಮೆ ಕೇಳಬೇಕು.

ಆದರೆ ಬೀಗ ಹಾಕಿದ್ದೇ ಒಳ್ಳೆಯದಾಯಿತು. ಸಮುದ್ರದ ಕಡೆ ನಡೆಯುತ್ತಾ ಹೋದೆವು. ಎರಡೂ ಬದಿ ಒಣ ಜೊಂಡಿನ ಬೇಲಿ, ಎದೆ ಎತ್ತರಕ್ಕೆ, ನಮ್ಮ ತಟ್ಟಿ ಇದ್ದ ಹಾಗೆ. ಗಾಳಿ ತಡೆಯುವುದಕ್ಕೆ. ಇಣುಕಿ ನೋಡಿದರೆ ದ್ರಾಕ್ಷಿ ತೋಟ ಅನ್ನುವ ಹಾಗೇ ಇಲ್ಲ. ಚಪ್ಪರ ಇಲ್ಲ, ತಂತಿ ಇಲ್ಲ. ಕುಂಬಳ ಬಳ್ಳಿ ಹಬ್ಬಿದಂತೆ ಮರಳ ಮೇಲೆ ಹಬ್ಬಿಕೊಂಡು ಬಿದ್ದಿದೆ. ಒಳಗೆ ವಯಸ್ಸಾದವರೊಬ್ಬರು ಬಗ್ಗಿಕೊಂಡು ಕೊಯ್ಯುತ್ತಿದ್ದರು. ಕೈ ಮುಗಿದೆ. ನಕ್ಕು ಒಳಗೆ ಕರೆದರು. ಮೊಬೈಲಿನ ಅನುವಾದದಲ್ಲಿ ಮಾತು. ಕಾಫಿ ಬೆಳೆಯುವವನು ಅಂದಾಗ ನನ್ನ ಕೈ ಹಿಡಿದು ಬೆರಳು ನೋಡಿದರು. ಬೆಂಗಳೂರಿನಲ್ಲಿ ಯಂತ್ರಕ್ಕೆ ಸಿಗದ ಬೆರಳು.

ಎಲೆ ಸರಿಸಿ ತೋರಿಸಿದರು. ಪ್ರತಿ ಗೊಂಚಲಿನ ಹತ್ತಿರ ಬಳ್ಳಿಗೆ ಗೇಣುದ್ದದ ಜೊಂಡಿನ ಕಡ್ಡಿ ಊರುಗೋಲು ಕೊಟ್ಟಿದ್ದಾರೆ. ಇಲ್ಲದಿದ್ದರೆ ಬಿಸಿ ಮರಳಿಗೆ ತಾಗಿ ಹಣ್ಣು ಸುಡುತ್ತದಂತೆ. ಒಂದೊಂದಕ್ಕೂ ಕೈಯಲ್ಲೇ ಬಗ್ಗಿ ಕೊಡಬೇಕು. ಲೀಲಾ ಕೂತು ಮರಳಿಗೆ ಕೈ ಹಾಕಿದಳು. ಮೇಲೆ ಬಿಸಿ, ಮೊಣಕೈವರೆಗೆ ಹೋದರೆ ತಣ್ಣಗೆ. ಬೇರು ಇನ್ನೂ ಕೆಳಗೆ, ಮರಳು ಮುಗಿದು ಜೇಡಿಮಣ್ಣು ಸಿಗುವ ಕಡೆ ಇದೆ. ಗಿಡ ನೆಡಬೇಕಾದರೆ ಅಲ್ಲಿಯವರೆಗೆ, ಆಳುದ್ದಕ್ಕಿಂತ ಜಾಸ್ತಿ, ತೋಡಬೇಕು. ಹಿಂದೆ ಹಳ್ಳಕ್ಕೆ ಇಳಿಯುವವರು ತಲೆ ಮೇಲೆ ಬುಟ್ಟಿ ಕವುಚಿಕೊಂಡು ಇಳಿಯುತ್ತಿದ್ದರಂತೆ. ಮರಳು ಕುಸಿದರೆ ಎಳೆದು ತೆಗೆಯುವವರೆಗೆ ಬುಟ್ಟಿಯೊಳಗಿನ ಗಾಳಿಯಲ್ಲಿ ಉಸಿರಾಡಲಿ ಅಂತ.

ಇಷ್ಟು ಕಷ್ಟ ಯಾಕೆ ಅಂದರೆ ಅದಕ್ಕೂ ಒಂದು ಕಥೆ. ನಮ್ಮ ಕಡೆಯ ಅರೇಬಿಕಾ ಕಾಫಿಗೆ ಕಾಂಡಕೊರಕ ಹುಳ ಹೇಗೋ, ದ್ರಾಕ್ಷಿಗೆ ಫಿಲಾಕ್ಸೆರಾ ಎಂಬ ಬೇರಿನ ಹೇನು ಹಾಗೆ. 19ನೇ ಶತಮಾನದ ಕೊನೆಯ ಅರ್ಧದಲ್ಲಿ ಯುರೋಪಿನ ತೋಟಗಳನ್ನೆಲ್ಲ ಮುಗಿಸಿತು. ಈಗ ಅಲ್ಲಿನ ಹೆಚ್ಚಿನ ದ್ರಾಕ್ಷಿ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಿದ್ದು. ಆ ಹೇನು ಮರಳಲ್ಲಿ ಬದುಕುವುದಿಲ್ಲ. ಹಾಗಾಗಿ ಕೊಲಾರೆಸ್‌ನ ಮರಳಿನ ಬಳ್ಳಿಗಳು ಇವತ್ತಿಗೂ ಸ್ವಂತ ಬೇರಿನವು. ಹುಳ ಮಾಡದ್ದನ್ನು ಸೈಟು ಮಾಡಿದೆ ಅಂತ ಆ ಅಜ್ಜ ಬೇಲಿಯಾಚೆ ಕೈ ತೋರಿಸಿದರು. ಸಾಲು ಸಾಲು ರಜಾ ಮನೆಗಳು, ಈಜುಕೊಳ. ನಮ್ಮ ಗದ್ದೆಗಳ ಕಡೆಯೂ ಅದೇ ಆಗುತ್ತಿದೆ ಅಂತ ಮೊಬೈಲಿಗೆ ಹೇಳಿದೆ. ಅದು ಏನು ಅನುವಾದ ಮಾಡಿತೋ, ಅವರು ನನ್ನ ಭುಜ ತಟ್ಟಿದರು. ತಂದಿದ್ದ ಅರ್ಧ ಕಿಲೋ ಕಾಫಿ ಪುಡಿಯನ್ನು ವೈನರಿಯವರಿಗೆ ಕೊಡುವುದು ಅಂತಿತ್ತು. ಇವರಿಗೇ ಕೊಟ್ಟೆವು.

ಬುಧವಾರ ರುಚಿ ನೋಡಿದ್ದಾಯಿತು. ತಲೆಗೆ 18 ಯೂರೋ, ನಾಲ್ಕು ಗ್ಲಾಸು. ಹಳೇ ಕಟ್ಟಡ, ಒಳಗೆ ತಂಪು, ಆಳೆತ್ತರದ ಮರದ ಪೀಪಾಯಿಗಳು. ಮೇಜಿನ ಮೇಲೆ ಉಗುಳಲು ಒಂದು ಪಾತ್ರೆ. ವೈನ್ ಬಾಯಲ್ಲಿ ಆಡಿಸಿ ಅದಕ್ಕೆ ಉಗುಳಬಹುದು ಅಂದಾಗ ಲೀಲಾ ನನ್ನ ಮುಖ ನೋಡಿದಳು. "ಬೆಳೆದವರ ಮುಂದೆ ಉಗುಳೋದಾ? ನನ್ನ ಕೈಲಾಗಲ್ಲ." ನಾಲ್ಕನ್ನೂ ಕುಡಿದಳು.

ಬಿಳಿಯದು ಮಾಲ್ವಾಸಿಯಾ ದ್ರಾಕ್ಷಿಯದ್ದು. ನಿಜವಾಗಿಯೂ ಉಪ್ಪುಪ್ಪು, ತುಟಿ ನೆಕ್ಕಿದರೆ ಕಡಲು. ಕೆಂಪಿನದು ರಾಮಿಸ್ಕೋ. ಅದು ನಾಲಿಗೆಗೆ ಹಿಡಿದುಕೊಂಡಿತು. ಒಗರು ಅಂದರೆ ಕಾಡು ನೇರಳೆ ತಿಂದ ಒಗರು, ಹಿಂದೆಯೇ, ನಾವು ಹಂದಿ ಮಾಂಸದ ಪಂದಿಕರಿಗೆ ಹಾಕುವ ಕಾಚಂಪುಳಿಯಂಥ ಹುಳಿ. ಸಕ್ಕರೆ ಹಾಕಿದ ಮನೆ ವೈನಿಗೆ ಒಗ್ಗಿದ ಬಾಯಿಗೆ ಮೊದಲ ಗುಟುಕು ಸೇರಲಿಲ್ಲ. ಇದಕ್ಕೆ ಎಷ್ಟೋ ವರ್ಷ ಬೇಕು, ಇಟ್ಟಷ್ಟೂ ಮೆತ್ತಗಾಗುತ್ತದೆ ಅಂತ ರುಚಿ ತೋರಿಸುತ್ತಿದ್ದ ಹುಡುಗಿ ವಿವರಿಸಿ, ಹಳೆಯದೊಂದನ್ನು ಬಗ್ಗಿಸಿದಳು. ಒಗರು ಹೋಗಿರಲಿಲ್ಲ, ಮೂಲೆಗೆ ಸರಿದು ಕೂತಿತ್ತು. ಲೀಲಾ ತುಂಬ ಹೊತ್ತು ಗ್ಲಾಸು ಮೂಸುತ್ತಾ ಇದ್ದಳು. ಕೊನೆಗೆ, "ಪಂದಿಕರಿ ಇರಬೇಕಿತ್ತು" ಅಂದಳು.

ಬಾಟಲಿಗಳ ವಿಷಯ. ವಿದೇಶದಿಂದ ಬರುವವರು ತಲೆಗೆ ಎರಡು ಲೀಟರ್‌ವರೆಗೆ ಸುಂಕ ಇಲ್ಲದೆ ತರಬಹುದು. ಕೊಲಾರೆಸ್ ಬಾಟಲಿ ಸಾಮಾನ್ಯವಾಗಿ ಅರ್ಧ ಲೀಟರಿನದ್ದು, ಹಾಗಾಗಿ ತಲೆಗೆ ನಾಲ್ಕು. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು. ಎಂಟು ತರಬಹುದಿತ್ತು, ಕೆಂಪಿನದು ಒಂದಕ್ಕೆ ಮೂವತ್ತು ಯೂರೋ ಹತ್ತಿರ ಅಂದಾಗ ಐದಕ್ಕೆ ನಿಂತೆವು. ನನ್ನ ಪಂಚೆ, ಅವಳ ಸೀರೆಯಲ್ಲಿ ಸುತ್ತಿ ತಂದೆವು, ಒಂದೂ ಒಡೆಯಲಿಲ್ಲ.

ಒಟ್ಟು ಖರ್ಚು ಇಬ್ಬರಿಗೆ ಮೂರು ಲಕ್ಷ ಮೂವತ್ತು ಸಾವಿರದ ಹತ್ತಿರ. ವಿಮಾನಕ್ಕೇ ಒಂದು ಲಕ್ಷ ನಲವತ್ತೆಂಟು ಸಾವಿರ. ಎಂಟು ರಾತ್ರಿಯ ರೂಮಿಗೆ ಎಪ್ಪತ್ತೆರಡು ಸಾವಿರ. ದಾಖಲೆ, ನೋಟರಿ, ಮಡಿಕೇರಿ ಓಡಾಟ, ಬಾವನ ಕಡೆಯವರ ಊಟ ಎಲ್ಲ ಸೇರಿ ಹದಿನಾಲ್ಕು ಸಾವಿರ ದಾಟಿತು. ಅದನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ.

ಮೊನ್ನೆ ಭಾನುವಾರ ಮಗ ಬಂದಾಗ ಪಂದಿಕರಿ ಮಾಡಿ ಒಂದು ಕೆಂಪು ಬಾಟಲಿ ತೆಗೆದೆವು. ಬಾವನೂ ಬಂದಿದ್ದರು. ಕುಡಿದು, ಮುಖ ಕಿವುಚಿ, "ಇದಕ್ಕಾ ಎರಡನೇ ಸಲ ಮದುವೆ ಆಗಿದ್ದು?" ಅಂದರು. ಕರಿ ಜೊತೆ ಇನ್ನೊಂದು ಗುಟುಕು ಕುಡಿದ ಮೇಲೆ ಲೋಟ ಮುಂದೆ ಚಾಚಿದರು. ಉಳಿದ ಎರಡು ಕೆಂಪು ಬಾಟಲಿಗೆ ಲೀಲಾ ಬಿಳಿ ಟೇಪು ಅಂಟಿಸಿ ದಿನಾಂಕ ಬರೆದಿದ್ದಾಳೆ. ಅಟ್ಟದಲ್ಲಿ ಬೇಸಿಗೆಗೆ ಕಾವು ಜಾಸ್ತಿ ಅಂತ ಭತ್ತದ ಪತ್ತಾಯದ ಹಿಂದೆ, ಮಣ್ಣಿನ ಗೋಡೆಗೆ ತಾಗಿಸಿ ಮಲಗಿಸಿದ್ದಾಳೆ. ನನಗೆ ಮುಟ್ಟಲು ಬಿಡುತ್ತಿಲ್ಲ.